1969ರ ಕಮಾರೊ: ಎಂಜಿನ್, ಗೇರ್‌ಬಾಕ್ಸ್ ಅಸಲಿಯೇ ಎಂದು ನೋಡುವ ಬಗೆ

ಸದಸ್ಯರ ಗಮನಕ್ಕೆ. ಶೆವರ್ಲೆ ಕಮಾರೊ ಸ್ಮಾಲ್ ಬ್ಲಾಕ್ (ಚಿಕ್ಕ ಗಾತ್ರದ ವಿ8 ಎಂಜಿನ್) ಗಾಡಿ ಕೊಳ್ಳಲು ನೋಡಹೋಗುವವರು ಟಾರ್ಚ್, ಬಟ್ಟೆ, ಡಿಗ್ರೀಸರ್ ಒಯ್ಯಿರಿ. ಎಂಜಿನ್ ನಂಬರ್ ಹೊಡೆದ ಜಾಗ (ಚಾಲಕನ ಸೀಟಿನಿಂದ ನೋಡಿದಾಗ) ಬಲಗಡೆಯ ಸಿಲಿಂಡರ್ ಹೆಡ್‌ನ ಮುಂದೆ, ಆಲ್ಟರ್ನೇಟರ್ ಮರೆಯಲ್ಲಿದೆ. ಅಲ್ಲಿಗೆ ವೈರ್ ಬ್ರಷ್, ಎಮರಿ ಕಾಗದ ಮುಟ್ಟಿಸಲೇಬೇಡಿ, ಸಾಕ್ಷಿಯೇ ಅಳಿಸಿಹೋಗುತ್ತದೆ. ಬೆಳಕನ್ನು ಓರೆಯಾಗಿ ಬಿಟ್ಟರೆ ಮುಂದಿನಿಂದ ಹಿಂದಕ್ಕೆ, ಕಾರ್ಖಾನೆಯ ಯಂತ್ರ ಬಿಟ್ಟ ಕೂದಲೆಳೆಯಂಥ ಸಮಾನಾಂತರ ಗೆರೆಗಳು ಕಾಣಬೇಕು. ನುಣುಪಾಗಿದ್ದರೆ ಅಥವಾ ದುಂಡಗಿನ ಗೀರುಗಳಿದ್ದರೆ ಬ್ಲಾಕಿನ (ಎಂಜಿನ್ನಿನ ಎರಕದ ಒಡಲಿನ) ಮೇಲ್ಮೈ ಮತ್ತೆ ಮಷಿನಿಂಗ್ ಆಗಿದೆ. ನಂಬರ್ ಆಮೇಲೆ ಹೊಡೆದದ್ದಿರಬಹುದು.

ಆ ಜಾಗದಲ್ಲಿ, ಉದಾಹರಣೆಗೆ, ‘ವಿ0212ಡಿಝಡ್’ ಅಂದರೆ ಫ್ಲಿಂಟ್ ಕಾರ್ಖಾನೆ, ಫೆಬ್ರವರಿ 12, ಝಡ್/28 ಎಂಬ ಕಮಾರೊ ಮಾದರಿಯ 302 ಘನ ಇಂಚಿನ ಎಂಜಿನ್. ಬ್ಲಾಕಿನ ಹಿಂಭಾಗದ ಎರಕದ ತಾರೀಖು ಇದಕ್ಕಿಂತ ಹಿಂದಿನದಿರಬೇಕು, ಗಾಡಿ ತಯಾರಾದದ್ದು ಇದರ ನಂತರ. ತಾರೀಖು ಹಿಂದುಮುಂದಾದರೆ ಅಲ್ಲಿಗೇ ಮಾತು ನಿಲ್ಲಿಸಿ.

ಡ್ಯಾಶ್‌ಬೋರ್ಡಿನ ಚಾಸಿಸ್ ನಂಬರಿನ ಕೊನೆಯ ಆರು ಅಂಕಿ ಎಂಜಿನ್ನಿನಲ್ಲೂ ಇರಬೇಕು. ಕೆಲವದರಲ್ಲಿ ಅದು ಆಯಿಲ್ ಫಿಲ್ಟರ್ ಪಕ್ಕದಲ್ಲಿರುತ್ತದೆ. ಅಲ್ಲೂ ನೋಡದೆ ನಕಲಿ ಅನ್ನಬೇಡಿ. ಮನ್ಸಿ (ನಾಲ್ಕು ಗೇರಿನ ಮ್ಯಾನುವಲ್) ಗೇರ್‌ಬಾಕ್ಸಿನಲ್ಲೂ ಅದೇ ಅಂಕಿ, ಜೊತೆಗೆ ‘ಪಿ9ಬಿ12’ ಥರದ ತಾರೀಖು: 1969, ಫೆಬ್ರವರಿ 12. ಎಂಜಿನ್ ನಂಬರಿನಲ್ಲಿ ‘ಸಿಇ’ ಎಂದಿದ್ದರೆ ಕಂಪನಿಯೇ ಬದಲಿಗೆ ಕೊಟ್ಟ ಎಂಜಿನ್: ಮೋಸವಲ್ಲ, ಆದರೆ ಅಸಲಿಯ ಬೆಲೆ ಕೊಡಬೇಡಿ.