ಟರ್ನರ್ ಓಕ್ ಮತ್ತು ನಮ್ಮ ಹಿತ್ತಲ ಮಾವು

ಲಂಡನ್, ಏಪ್ರಿಲ್ 20

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ನಮಸ್ಕಾರಗಳು.

ನೀವು 1985ರಲ್ಲಿ ಇಲ್ಲಿನ ಸಸ್ಯೋದ್ಯಾನ ಕ್ಯೂ ಗಾರ್ಡನ್ಸ್‌ನಲ್ಲಿ ತೆಗೆಸಿಕೊಂಡ ಫೋಟೋ ಹಿಡಿದುಕೊಂಡು ಮೊನ್ನೆ ಮತ್ತೆ ಅದೇ ಓಕ್ ಮರದ ಹತ್ತಿರ ಹೋಗಿದ್ದೆ. ಫೋಟೋದಲ್ಲಿ ಹುಲ್ಲು ಬುಡದವರೆಗೂ ಇದೆ, ನೀವು ಕಾಂಡಕ್ಕೆ ಒರಗಿ ನಿಂತಿದ್ದೀರಿ. ಈಗ ಹುಲ್ಲು ಕೆತ್ತಿ ತೆಗೆದು, ಮರದ ಸುತ್ತ ದೊಡ್ಡದೊಂದು ವೃತ್ತದಲ್ಲಿ ಕಟ್ಟಿಗೆ ಚೂರು, ಕೊಳೆತ ಎಲೆ ಹರಡಿದ್ದಾರೆ. ಎಷ್ಟೋ ಹಳೆಯ ಮರಗಳ ಸುತ್ತ ಇಂಥ ಕಂದು ಸುತ್ತು ಕಾಣುತ್ತದೆ. ಟೆಂಪರೇಟ್ ಹೌಸ್ ಎಂಬ ದೊಡ್ಡ ಗಾಜಿನ ಮನೆ ಐದು ವರ್ಷ ಮುಚ್ಚಿ 2018ರಲ್ಲಿ ತೆರೆದದ್ದು ಥಳಥಳ ಅನ್ನುತ್ತಿದೆ, ಅದಿರಲಿ. ನಮ್ಮ ಹಿತ್ತಲ ಮಾವು ಸೊರಗಿದೆ ಎನ್ನುವ ನಿಮಗೆ ಬೇಕಾದದ್ದು ಈ ಸುತ್ತಿನ ವಿಷಯ.

ಆ ಮರದ ಹೆಸರು ಟರ್ನರ್ ಓಕ್, ನೆಟ್ಟದ್ದು 1798ರಲ್ಲಿ. ನೀವು ನೋಡಿದ ಕಾಲಕ್ಕೆ ಸೊರಗಿತ್ತು. 1987ರ ಅಕ್ಟೋಬರ್ ಬಿರುಗಾಳಿಗೆ ಈ ತೋಟದಲ್ಲಿ ಸುಮಾರು 700 ಮರ ಹೋದವು. ಇದನ್ನು ಮಾತ್ರ ಗಾಳಿ ಬೇರುಸಮೇತ ಎತ್ತಿ, ಮತ್ತೆ ಅದೇ ಗುಂಡಿಗೆ ಕೂರಿಸಿತು. ಬಿದ್ದ ಮರಗಳನ್ನು ತೆಗೆದ ಮೇಲೆ ಕಡಿದರಾಯಿತು ಎಂದು ಆಸರೆ ಕೊಟ್ಟು ಬಿಟ್ಟಿದ್ದರು. ಮೂರು ವರ್ಷದ ಮೇಲೆ ನೋಡಿದರೆ ಮರ ಚಿಗುರಿ ನಿಂತಿದೆ! ಜನ ತುಳಿದು ತುಳಿದು ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ, ನೀರು ಇಳಿಯುತ್ತಿರಲಿಲ್ಲ. ಬಿರುಗಾಳಿ ಅದನ್ನು ಸಡಿಲ ಮಾಡಿತ್ತು. ಆಮೇಲೆ ಇಲ್ಲಿನವರು ಒತ್ತಡದ ಗಾಳಿ ಊದಿ, ಬೇರಿಗೆ ಪೆಟ್ಟಾಗದಂತೆ ಮಣ್ಣು ಬಿಡಿಸುವುದನ್ನು ರೂಢಿ ಮಾಡಿಕೊಂಡರು. 2022ರಲ್ಲಿ ಬಿಸಿಲು 40 ಡಿಗ್ರಿ ದಾಟಿ, ಬರಕ್ಕೆ 400ಕ್ಕೂ ಹೆಚ್ಚು ಮರ ಸತ್ತವು. ತೇವ ಹಿಡಿದಿಡುವ ಆ ಎಲೆ, ಚೂರಿನ ಹೊದಿಕೆಯ ಮಹತ್ವ ಈಗ ಇನ್ನೂ ಹೆಚ್ಚಾಗಿದೆ.

ನಮ್ಮ ಹಿತ್ತಲ ಮಾವಿನ ಕೆಳಗೆ ಸ್ಕೂಟರ್ ನಿಲ್ಲಿಸುವುದು, ಬಟ್ಟೆ ಕಲ್ಲು, ಓಡಾಟ ಎಲ್ಲ ಇದೆಯಲ್ಲ, ಅದರದ್ದೂ ಇದೇ ರೋಗ ಅನ್ನಿಸುತ್ತದೆ. ಮಳೆ ಬಂದ ಮಾರನೆಯ ದಿನ ಉದ್ದನೆಯ ಸ್ಕ್ರೂಡ್ರೈವರ್ ಒತ್ತಿ ನೋಡಿ. ಅರ್ಧ ಅಡಿ ಸಲೀಸಾಗಿ ಇಳಿಯದಿದ್ದರೆ ಮಣ್ಣು ಗಟ್ಟಿ ಎಂದೇ ಲೆಕ್ಕ.

ಗಾಳಿ ಯಂತ್ರ ಬೇಡ, ಹಾರೆ ಸಾಕು. ಕಾಂಡದಿಂದ ನಾಲ್ಕು ಅಡಿ ಬಿಟ್ಟು, ಕೊಂಬೆಯ ನೆರಳು ಮುಗಿಯುವವರೆಗೆ ಎರಡೆರಡು ಅಡಿಗೊಂದು ತೂತು, ಒಂದು ಅಡಿ ಆಳ. ಹಾರೆಗೆ ಬೇರು ತಗುಲಿದರೆ ಒತ್ತಬೇಡಿ, ಗೇಣು ಪಕ್ಕಕ್ಕೆ ಸರಿಸಿ. ತೂತಿಗೆ ಕಳಿತ ಕೊಟ್ಟಿಗೆ ಗೊಬ್ಬರ, ದಪ್ಪ ಮರಳು ಸಮಪಾಲು ಬೆರೆಸಿ ತುಂಬಿ. ಮಣ್ಣು ಹಸಿಯಾಗಿರಬೇಕು, ಕೆಸರಾಗಿರಬಾರದು: ಹಿಡಿ ಮಣ್ಣು ಉಂಡೆ ಕಟ್ಟಿ ಬೆರಳಲ್ಲಿ ತಟ್ಟಿದರೆ ಪುಡಿಯಾಗಬೇಕು. ಕೆಸರಲ್ಲಿ ಹಾರೆ ಆಡಿಸಿದರೆ ತೂತಿನ ಗೋಡೆ ಗಿಲಾವು ಮಾಡಿದಂತೆ ಬಿಗಿಯುತ್ತದೆ. ಗುದ್ದಲಿಯಿಂದ ಅಗೆಸಲೇಬೇಡಿ, ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿಯಲ್ಲೇ ಇರುತ್ತವೆ.

ಆಮೇಲೆ ತರಗೆಲೆ ಮೂರು ನಾಲ್ಕು ಅಂಗುಲ ಹರಡಿ. ಅರ್ಧ ಅಡಿ ಹಾಕಿದರೆ ಇನ್ನೂ ಒಳ್ಳೆಯದು ಅನ್ನಿಸಬಹುದು, ಆದರೆ ಕೆಳಗೆ ಗಾಳಿಯಾಡದೆ ಹುಳಿವಾಸನೆ ಹಿಡಿಯುತ್ತದೆ. ಕಾಂಡದ ಸುತ್ತ ಒಂದು ಗೇಣು ಬರಿದಾಗಿ ಬಿಡಿ. ಬುಡಕ್ಕೆ ತಾಗಿಸಿ ಗುಡ್ಡೆ ಹಾಕಿದರೆ ತೊಗಟೆ ಸದಾ ಒದ್ದೆಯಾಗಿ ಕೊಳೆಯುತ್ತದೆ, ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುವುದಿಲ್ಲ.

ಸ್ಕೂಟರ್ ಗೇಟಿನ ಹತ್ತಿರ ನಿಲ್ಲಲಿ. ಮರಕ್ಕೆ ಕಲ್ಲು ಕಟ್ಟೆ ಕಟ್ಟಿಸುತ್ತೇನೆ ಅಂದಿದ್ದಿರಿ, ದಯವಿಟ್ಟು ತಡೆಯಿರಿ. ಕಟ್ಟೆಯೊಳಗೆ ಎರಡು ಅಡಿ ಮಣ್ಣು ತುಂಬಿದರೆ ಹಳೆಯ ಬೇರಿಗೆ ಉಸಿರು ಕಟ್ಟುತ್ತದೆ. ಮೊದಲ ವರ್ಷ ಏನೂ ಗೊತ್ತಾಗುವುದಿಲ್ಲ, ಎರಡು ಮೂರು ವರ್ಷಕ್ಕೆ ತುದಿಕೊಂಬೆಗಳು ಒಣಗತೊಡಗುತ್ತವೆ. ಕೂರುವುದಕ್ಕೇ ಆದರೆ ಒಂದು ಕಲ್ಲು ಬೆಂಚು ಹಾಕಿಸಿ.

ಅಂದ ಹಾಗೆ, ಲಾಲ್‌ಬಾಗ್ ನೋಡಿಕೊಂಡ ಕ್ಯಾಮರಾನ್, ಕ್ರುಂಬಿಗಲ್ ಇಬ್ಬರೂ ಈ ಕ್ಯೂನಲ್ಲಿ ಕೆಲಸ ಮಾಡಿದವರೇ. ಆಗಸ್ಟ್ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಗಾಜಿನ ಮನೆ ಸುತ್ತಲಿನ ಮರಗಳ ಬುಡವನ್ನೂ ಒಮ್ಮೆ ನೋಡಿ ಬನ್ನಿ.

ಚಿಕ್ಕಮ್ಮನಿಗೆ ನಮಸ್ಕಾರ. ತೂತು ಎಷ್ಟಾಯಿತು, ಮಣ್ಣು ಕೆಂಪೋ ಕಪ್ಪೋ, ಬರೆಯಿರಿ.

ಇಂತಿ,
ನಿಮ್ಮ ಅಣ್ಣನ ಮಗ