ಸ್ವಾಯ್ ಕೆನ್ ಬಗ್ಗೆ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮಾ,

ಕರಡು ಓದಿದೆ. 2001ರಲ್ಲಿ ಫ್ನೋಮ್ ಪೆನ್‌ನ ರೆಯುಮ್ ಕಲಾಸಂಸ್ಥೆಯಲ್ಲಿ ನಡೆದ, ಕಾಂಬೋಡಿಯದ ಚಿತ್ರಕಾರ ಸ್ವಾಯ್ ಕೆನ್ ಅವರ ಏಕವ್ಯಕ್ತಿ ಪ್ರದರ್ಶನವನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಆದರೆ ನಿನ್ನ ಮೊದಲ ಎರಡು ಪುಟಗಳಲ್ಲಿ ಅಂಗ್ಕೋರ್ ವಾಟ್ ಇದೆ, ಪೋಲ್ ಪಾಟ್ ಇದ್ದಾನೆ, ಚಿತ್ರ ಮಾತ್ರ ಒಂದೂ ಇಲ್ಲ. ಕಾಂಬೋಡಿಯ ಎಂದೊಡನೆ ಎಲ್ಲರ ಕೈಗೂ ಸಿಗುವುದು ಇವೆರಡೇ. ಸದ್ಯಕ್ಕೆ ಎರಡನ್ನೂ ಪಕ್ಕಕ್ಕಿಡು.

ಪ್ರದರ್ಶನದ ಹೆಸರಲ್ಲೇ ಅಳತೆಗೋಲಿದೆ: 1941ರಿಂದ ಇಂದಿನವರೆಗೆ ಒಂದು ಕಾಂಬೋಡಿಯನ್ ಕುಟುಂಬದ ಬದುಕು. ಅಂದರೆ ಅರವತ್ತು ವರ್ಷ. ಅದರಲ್ಲಿ ಪೋಲ್ ಪಾಟ್‌ನ ಕಮ್ಯುನಿಸ್ಟ್ ಪಡೆ ಖ್ಮೇರ್ ರೂಜ್ ಆಳಿದ್ದು, ಅಲ್ಲಿನವರು ಬಾಯಿಪಾಠದಂತೆ ಹೇಳುವ ಲೆಕ್ಕದಲ್ಲಿ, ಮೂರು ವರ್ಷ ಎಂಟು ತಿಂಗಳು ಇಪ್ಪತ್ತು ದಿನ. ಆ ದಿನಗಳನ್ನು ಬಿಡು ಎನ್ನುತ್ತಿಲ್ಲ. ಒಂದು ಹಾಳೆಯಲ್ಲಿ ಹತ್ತು ವರ್ಷಕ್ಕೊಂದರಂತೆ ಚೌಕದ ಮನೆ ಗೀಚಿ, ಪ್ರದರ್ಶನದ ಕ್ಯಾಟಲಾಗ್ ನೋಡಿಕೊಂಡು, ಯಾವ ಮನೆಗೆ ಎಷ್ಟು ಚಿತ್ರ ಬೀಳುತ್ತವೆಂದು ಎಣಿಸು. ನಿನ್ನ ಪ್ಯಾರಾಗಳೂ ಹೆಚ್ಚುಕಡಿಮೆ ಆ ಪ್ರಮಾಣಕ್ಕೆ ಬರಲಿ.

ಜೀವನವಿವರಕ್ಕೆ ಎರಡು ವಾಕ್ಯ ಸಾಕು. 1933ರಲ್ಲಿ ತಾಕೆಯೊ ಪ್ರಾಂತ್ಯದಲ್ಲಿ ಹುಟ್ಟಿದರು, ಫ್ನೋಮ್ ಪೆನ್‌ನ ಲೆ ರೊಯಾಲ್ ಹೋಟೆಲಿನಲ್ಲಿ ದುಡಿದರು. ಅರವತ್ತು ವಯಸ್ಸಿನ ಆಸುಪಾಸಿನಲ್ಲಿ ತಾವಾಗಿಯೇ ಚಿತ್ರ ಬರೆಯಲು ಶುರುಮಾಡಿ 2008ರಲ್ಲಿ ತೀರಿಕೊಂಡರು.

ಕಲಾಶಾಲೆಗೆ ಹೋಗಲಿಲ್ಲ ಎಂಬ ಒಂದೇ ಕಾರಣಕ್ಕೆ ನೀನು ನಾಲ್ಕು ಕಡೆ ‘ಮುಗ್ಧ ಶೈಲಿ’ ಎಂದು ಬರೆದಿದ್ದೀಯ. ಆ ಮಾತಿನಿಂದ ಓದುಗನಿಗೆ ಏನೂ ಕಾಣುವುದಿಲ್ಲ. ಮೇಜಿನ ಹಲಗೆ ನಮ್ಮ ಕಡೆ ವಾಲಿದ್ದರೆ ವಾಲಿದೆ ಎನ್ನು. ಹೊರಗೆರೆ ದಪ್ಪವಿದ್ದರೆ ದಪ್ಪ ಎನ್ನು. ಚಿತ್ರದ ಹೆಸರು ಓದುವ ಮೊದಲು, ಅದರಲ್ಲಿರುವ ವಸ್ತುಗಳನ್ನೆಲ್ಲ ಪಟ್ಟಿ ಮಾಡು: ಮಡಕೆ, ಚಾಪೆ, ಸೈಕಲ್, ಏನಿದ್ದರೂ ಸರಿ. ಹೆಸರು ಮೊದಲು ಓದಿದರೆ ಕಣ್ಣು ಅದನ್ನಷ್ಟೇ ಹುಡುಕಿಕೊಂಡು ಹೋಗುತ್ತದೆ, ಮೂಲೆಯಲ್ಲಿರುವ ಇಸ್ತ್ರಿಪೆಟ್ಟಿಗೆ ತಪ್ಪಿಹೋಗುತ್ತದೆ.

ನೀನು ನೋಡುತ್ತಿರುವುದು ಮೂಲವನ್ನಲ್ಲ, ಅಚ್ಚಾದ ಪ್ರತಿಯನ್ನು. ಅದನ್ನು ಲೇಖನದಲ್ಲಿ ಹೇಳಿಬಿಡು. ಪುಟದ ಮೇಲೆ ದೊಡ್ಡ ಚಿತ್ರ, ಸಣ್ಣ ಚಿತ್ರ ಎಲ್ಲ ಒಂದೇ ಗಾತ್ರಕ್ಕೆ ಬಂದಿರುತ್ತವೆ. ಅಳತೆ ನೋಡಿ, ಅಷ್ಟಗಲದ ಹಳೆಯ ಪೇಪರ್ ಕತ್ತರಿಸಿ ಗೋಡೆಗೆ ಅಂಟಿಸು. ಕಲಾಕೃತಿಯ ಅಳತೆಯಲ್ಲಿ ಸಾಮಾನ್ಯವಾಗಿ ಎತ್ತರ ಮೊದಲು, ಅಗಲ ಆಮೇಲೆ: 60 x 80 ಸೆಂ.ಮೀ. ಅಂದರೆ ಅಡ್ಡ ಚಿತ್ರ. ಫೋಟೋದ ಅಳತೆಯಲ್ಲಿ ಅಗಲ ಮೊದಲು ಬರುವುದು ರೂಢಿಯಾದ್ದರಿಂದ ಇಲ್ಲಿ ಎಡವುವವರು ಬಹಳ. ನೀನೂ ಒಂದು ಕಡೆ ಅಡ್ಡ ಚಿತ್ರವನ್ನು ನಿಲ್ಲಿಸಿಬಿಟ್ಟಿದ್ದೀಯ.

ಇನ್ನು ಕ್ರಮಾ. ನೀನು ‘ಶಾಲು’ ಎಂದಿದ್ದೀಯ. ಅದು ಚೌಕುಳಿಯ ಹತ್ತಿ ಬಟ್ಟೆ, ಹೆಸರು ಕ್ರಮಾ, ಹಾಗೆಯೇ ಬರೆ. ತಲೆಗೆ ಸುತ್ತುತ್ತಾರೆ, ಸೊಂಟಕ್ಕೆ ಕಟ್ಟಿ ಸ್ನಾನ ಮಾಡುತ್ತಾರೆ, ಮಗುವಿಗೆ ಜೋಲಿ ಕಟ್ಟುತ್ತಾರೆ. ನಮ್ಮ ರೈತನ ಹೆಗಲ ಟವೆಲ್ ಮಾಡುವ ಕೆಲಸ ಮತ್ತು ಅದಕ್ಕಿಂತ ಒಂದಿಷ್ಟು ಹೆಚ್ಚು. ಖ್ಮೇರ್ ರೂಜ್ ದಳದವರೂ ಕೆಂಪು-ಬಿಳಿ ಕ್ರಮಾ ತೊಡುತ್ತಿದ್ದರು ನಿಜ. ಹಾಗೆಂದು ಗದ್ದೆಯಲ್ಲಿ ನಿಂತ ಹೆಂಗಸಿನ ತಲೆಯ ಮೇಲೂ ರಾಜಕೀಯ ಕಾಣಬೇಡ. ಅವಳಿಗೆ ಬಿಸಿಲು ಬಡಿಯುತ್ತಿದೆ, ಅಷ್ಟೇ.

ಹೋಲಿಕೆ ಕೊಡಲೇಬೇಕೆಂದಿದ್ದರೆ ಬೇರು ಇರುವ ಕಡೆ ಕೊಡು. ಪಚುಂ ಬೆನ್ ಹಬ್ಬವನ್ನು ‘ಅವರ ದೀಪಾವಳಿ’ ಎಂದದ್ದು ತಪ್ಪು. ಅದು ಪಿತೃಗಳ ಹದಿನೈದು ದಿನ, ಭಾದ್ರಪದದ ಕೃಷ್ಣಪಕ್ಷ, ನಮ್ಮ ಮಹಾಲಯದ ಪಕ್ಷವೇ. ‘ಬೆನ್’ ಎಂಬುದು ನಮ್ಮ ‘ಪಿಂಡ’ದ ರೂಪ. ಆದರೆ ಅಲ್ಲಿ ಜನ ಹೋಗುವುದು ಬೌದ್ಧ ವಿಹಾರಕ್ಕೆ: ಭಿಕ್ಷುಗಳಿಗೆ ಊಟ ಕೊಡುತ್ತಾರೆ, ಬೆಳಕು ಹರಿಯುವ ಮೊದಲೇ ವಿಹಾರದ ಸುತ್ತ ಅಂಟಕ್ಕಿಯ ಅನ್ನದುಂಡೆ ಎಸೆಯುತ್ತಾರೆ. ಹೋಲುವ ಮಾತನ್ನು ಒಂದು ವಾಕ್ಯದಲ್ಲಿ ಮುಗಿಸಿ ಈ ವ್ಯತ್ಯಾಸಕ್ಕೆ ಜಾಗ ಕೊಡು.

ಹೆಸರಿನ ವಿಷಯ: ಸ್ವಾಯ್ ಎಂಬುದು ಮನೆತನದ ಹೆಸರು, ಕೆನ್ ಇಟ್ಟ ಹೆಸರು. ‘ಸ್ವಾಯ್ ಅವರು’ ಎಂದು ತುಂಡು ಮಾಡದೆ ಪೂರ್ತಿ ಬರೆ. ಗಟ್ಟಿಯಾಗಿ ಓದುವಾಗ ಫ್ನೋಮ್‌ನ ‘ಫ’ ನಮ್ಮ ಫಲದ ‘ಫ’, ಫ್ಯಾನಿನದಲ್ಲ.

ತಿದ್ದಿದ ಮೇಲೆ ಕಳಿಸು. ಹತ್ತು ವರ್ಷದ ಮನೆ ಗೀಚಿದ ಹಾಳೆಯನ್ನೂ ಜೊತೆಗಿಡು.

ನಿನ್ನ ಅಣ್ಣ