ಹಗುರ ನಲ್ಲಿ ಇನ್ನು ನಮ್ಮಲ್ಲಿ ಸಿಗುವುದಿಲ್ಲ: ಗಿರಿನಗರದ ಅಂಗಡಿಯಿಂದ ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಕಿನಿಂದ ನಾವು ಹಗುರ ನಲ್ಲಿಗಳನ್ನು, ಅಂದರೆ ಹಿತ್ತಾಳೆಯಲ್ಲದ ಅಗ್ಗದ ನಲ್ಲಿಗಳನ್ನು, ಮಾರುವುದಿಲ್ಲ. 300, 350 ರೂಪಾಯಿಗೆ ಕೊಡುತ್ತಿದ್ದ ಬಿಬ್ ಕಾಕ್ (ಗೋಡೆಯ ನಲ್ಲಿ), ಆಂಗಲ್ ಕಾಕ್ (ಪೈಪಿನಿಂದ ಗೀಸರ್, ಬೇಸಿನ್‌ಗೆ ನೀರು ಬಿಡುವ ಸಣ್ಣ ವಾಲ್ವ್), ಪಿಲ್ಲರ್ ಕಾಕ್ (ಬೇಸಿನ್ ಮೇಲೆ ನಿಲ್ಲುವ ನಲ್ಲಿ) ಎಲ್ಲ ನಿಂತವು. ಇನ್ನು ಹಿತ್ತಾಳೆಯವು ಮಾತ್ರ. ನಮ್ಮಲ್ಲಿ ಅದು 850 ರೂಪಾಯಿಯಿಂದ ಶುರು. ಇನ್ನೊಂದು ಬದಲಾವಣೆಯೂ ಇದೆ. ಗೋಡೆಯೊಳಗೆ ಕೂರಿಸುವ ಡೈವರ್ಟರ್ (ನೀರನ್ನು ಶವರ್‌ಗೋ ನಲ್ಲಿಗೋ ತಿರುಗಿಸುವ ಭಾಗ) ಬೇಕು ಎಂದರೆ, ನಿಮ್ಮ ಮನೆ ನೋಡದೆ ನಾವು ಬಿಲ್ ಹಾಕುವುದಿಲ್ಲ. ಬಂದು ನೋಡುವುದಕ್ಕೆ 300 ರೂಪಾಯಿ. ಸಾಮಾನು ನಮ್ಮಲ್ಲೇ ತೆಗೆದುಕೊಂಡರೆ ಆ 300 ಬಿಲ್‌ನಲ್ಲಿ ಕಳೆಯುತ್ತೇವೆ.

ಈ ಸುದ್ದಿ ಬಾಯಿಂದ ಬಾಯಿಗೆ ಹೋಗಿ ಏನೇನೋ ಆಗಿದೆ. "ಹೊಸ ಬೋರ್ಡ್ ಹಾಕಿಸಿದ ಮೇಲೆ ಇವರಿಗೆ ಸಣ್ಣ ಗಿರಾಕಿ ಬೇಡ" ಎಂದು ಒಬ್ಬರು ನಮ್ಮ ಹುಡುಗನ ಮುಂದೆಯೇ ಹೇಳಿದರಂತೆ. ಅದನ್ನು ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ತಂದೆಯವರ ಕಾಲದಿಂದ ಬರುತ್ತಿರುವವರು ನೀವು. ನಿಮಗೆ ನೇರವಾಗಿ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲು ಕ್ಷಮೆ ಕೇಳಬೇಕು. ಕಳೆದ ಯುಗಾದಿಗೆ ಕತ್ತರಿಗುಪ್ಪೆಯ ಒಂದು ಮನೆಯವರು ಊರಿಗೆ ಹೋಗಿದ್ದರು. ಬಾತ್‌ರೂಮಿನ ಆಂಗಲ್ ಕಾಕ್ ಕುತ್ತಿಗೆಯ ಹತ್ತಿರ ಮುರಿದು ಟ್ಯಾಂಕ್ ಪೂರ್ತಿ ಖಾಲಿಯಾಯಿತು. ಕೆಳಗಿನ ಮನೆಯ ಸೀಲಿಂಗ್ ನೆನೆಯಿತು. ಆ ಕಾಕ್ ಕೊಟ್ಟವರು ನಾವೇ. ಸುಣ್ಣಬಣ್ಣದ ಖರ್ಚು ನಾವು ಕೊಟ್ಟೆವು, ಅದು ದೊಡ್ಡ ಮಾತಲ್ಲ. ಆ ಮನೆಯ ಅಜ್ಜಿ "ನಿಮ್ಮನ್ನ ನಂಬಿ ತಗೊಂಡ್ವಲ್ಲಪ್ಪ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುರಿದ ತುಂಡನ್ನು ಅಂಗಡಿಗೆ ತಂದು ನೋಡಿದೆ. ಹೊರಗೆ ಕ್ರೋಮ್ ಹೊಳಪು, ಒಳಗೆ ಬೂದು ಬಣ್ಣ. ಅದು ಸತುವಿನ ಮಿಶ್ರಣ, ಹಿತ್ತಾಳೆ ಅಲ್ಲ. ಅಗ್ಗದ ಮಾಲು ಅಂತ ನನಗೆ ಗೊತ್ತಿತ್ತು. ಆದರೂ ಬಾಡಿಗೆ ಮನೆಗೆ ಸಾಕು ಅಂತ ಕೇಳುತ್ತಾರೆ, ಕೊಟ್ಟರಾಯಿತು ಅಂದುಕೊಂಡಿದ್ದೆ. ತಪ್ಪು ನನ್ನದು.

ಇನ್ನು ಬೆಲೆಯ ಮಾತು. ಹಿತ್ತಾಳೆಯಲ್ಲಿ ಅರ್ಧಕ್ಕಿಂತ ಜಾಸ್ತಿ ತಾಮ್ರ, ಉಳಿದದ್ದು ಹೆಚ್ಚಾಗಿ ಸತು. ತಾಮ್ರ ಏರಿದರೆ ಜಾಮ್‌ನಗರದಲ್ಲಿ ಎರಕ ಹೊಯ್ಯುವವರ ಬೆಲೆ ಏರುತ್ತದೆ. ಅಲ್ಲಿ ಏರಿದ್ದು ಸ್ವಲ್ಪ ದಿನದಲ್ಲಿ ಗಿರಿನಗರಕ್ಕೂ ಬರುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ತೆರಿಗೆಯ ವಿಷಯದಲ್ಲಂತೂ ನಾವು ಸುಮ್ನೆ ಬೈಸಿಕೊಂಡಿದ್ದೇವೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಯಿತಲ್ಲ, ನೀವ್ಯಾಕೆ ಇಳಿಸಿಲ್ಲ ಅಂತ ಎಷ್ಟೋ ಜನ ಕೇಳಿದರು. ಇಳಿದದ್ದು ಸಿಮೆಂಟಿಗೆ, ಶೇ. 28ರಿಂದ 18ಕ್ಕೆ. ನಲ್ಲಿಗೆ ಮೊದಲೂ ಶೇ. 18 ಇತ್ತು, ಆಮೇಲೂ ಅದೇ ಉಳಿಯಿತು. ಸಾವಿರ ರೂಪಾಯಿಯ ನಲ್ಲಿಗೆ 180 ರೂಪಾಯಿ ಸೇರಿಸಿ ತೆಗೆದುಕೊಳ್ಳುತ್ತೇವೆ, ಅದು ಸರ್ಕಾರಕ್ಕೆ ಹೋಗುತ್ತದೆ. ಹಳೆಯ ಬಿಲ್ ಮನೆಯಲ್ಲಿದ್ದರೆ ತೆಗೆದು ನೋಡಿ. 2024ರ ಮಾರ್ಚ್‌ನಲ್ಲಿ ನೀರಿನ ಕಷ್ಟ ಬಂದು ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್‌ಗಳಿಗೆ ಏರೇಟರ್ (ನಲ್ಲಿಯ ಬಾಯಿಗೆ ಹಾಕಿ ನೀರು ಉಳಿಸುವ ಜಾಲರಿ) ಕಡ್ಡಾಯ ಮಾಡಿದಾಗಲೂ ಹೀಗೇ ಆಯಿತು. ನಾವು ಹಳೆಯ ಬೆಲೆಗೇ ಕೊಟ್ಟೆವು. ಆದರೂ ಲಾಭ ಮಾಡಿಕೊಂಡರು ಅನ್ನುವ ಮಾತು ತಪ್ಪಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕೇಳಿದ ದೂರು ಒಂದಿದೆ. "ಇದೇ ನಲ್ಲಿ ಆನ್‌ಲೈನ್‌ನಲ್ಲಿ ಅರ್ಧ ರೇಟಿಗೆ ಸಿಗತ್ತೆ." ವಾರಕ್ಕೆ ನಾಲ್ಕು ಜನ ಫೋನ್ ತೆಗೆದು ತೋರಿಸುತ್ತಾರೆ. ನಾನು ಮೊದಲು ನೋಡುವುದು ಮಾಡೆಲ್ ನಂಬರ್. ಅದೇ ಕಂಪನಿ, ಅದೇ ನಂಬರ್, ಬಿಲ್ ಸಮೇತ ಕಡಿಮೆಗೆ ಸಿಕ್ಕರೆ ಧಾರಾಳವಾಗಿ ತೆಗೆದುಕೊಳ್ಳಿ. ಕೂರಿಸಲು ನಮ್ಮ ಹುಡುಗರೇ ಬರುತ್ತಾರೆ, ಮುಖ ಸಣ್ಣ ಮಾಡಿಕೊಳ್ಳುವುದಿಲ್ಲ. ಆದರೆ ಹೆಚ್ಚಿನ ಸಲ ಫೋಟೋ ಮಾತ್ರ ಒಂದೇ ಥರ ಇರುತ್ತದೆ.

ಮೊನ್ನೆ ಒಬ್ಬ ಮೇಡಂ ಹಾಗೆ ತರಿಸಿದ್ದನ್ನೇ ಕೈಯಲ್ಲಿ ಹಿಡಿದು ಬಂದರು. ನಮ್ಮದನ್ನು ಪಕ್ಕದಲ್ಲಿಟ್ಟು ತಕ್ಕಡಿಗೆ ಹಾಕಿದೆವು. ಅದು 190 ಗ್ರಾಂ, ನಮ್ಮದು 420 ಗ್ರಾಂ. ನೀವೂ ಹೀಗೆ ನೋಡಬಹುದು. ಕೈಯಲ್ಲಿ ಹಿಡಿದು ತೂಕ ನೋಡಿ. ಪೈಪಿಗೆ ಸೇರುವ ಬಾಯಿಯೊಳಗೆ ಟಾರ್ಚ್ ಬಿಡಿ. ಹಳದಿ ಕಂಡರೆ ಹಿತ್ತಾಳೆ, ಬೂದು ಕಂಡರೆ ಅನುಮಾನ ಪಡಿ. ಕೆಲವರು ಆಯಸ್ಕಾಂತ ತರುತ್ತಾರೆ. ಅದರಿಂದ ಕಬ್ಬಿಣ ಇದೆಯೋ ಇಲ್ಲವೋ ಅಷ್ಟೇ ತಿಳಿಯುತ್ತದೆ. ಆಯಸ್ಕಾಂತ ಸತುವಿಗೂ ಅಂಟುವುದಿಲ್ಲ, ಹಿತ್ತಾಳೆಗೂ ಅಂಟುವುದಿಲ್ಲ.

ಇನ್ನೊಂದು ಮುಖ್ಯ ವಿಷಯ ಸ್ಪೇರ್ ಪಾರ್ಟ್. ಈಗಿನ ನಲ್ಲಿಗಳಲ್ಲಿ ರಬ್ಬರ್ ವಾಷರ್ ಕಡಿಮೆಯಾಗಿದೆ. ಕಾಲು ಸುತ್ತು ತಿರುಗಿಸಿದರೆ ಸಾಕು, ಒಳಗೆ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರಿ ನೀರು ನಿಲ್ಲಿಸುತ್ತವೆ. ಪೈಪ್ ಕೆಲಸದ ಮರಳು ಅಲ್ಲಿ ಸೇರಿಕೊಂಡರೆ ಬಿಲ್ಲೆ ಗೀರಿ ನಲ್ಲಿ ತೊಟ್ಟಿಕ್ಕುತ್ತದೆ. ಆಗ ಆ ಬಿಲ್ಲೆಗಳಿರುವ ಒಳಭಾಗ, ಅಂದರೆ ಕಾರ್ಟ್ರಿಡ್ಜ್, ಬದಲಾಯಿಸಿದರೆ ಮುಗಿಯಿತು. ಆದರೆ ಹೆಸರಿಲ್ಲದ ನಲ್ಲಿಗೆ ಆ ಕಾರ್ಟ್ರಿಡ್ಜ್ ಹಾರ್ಡ್‌ವೇರ್ ಅಂಗಡಿಗಳಿರುವ ಎಸ್‌ಜೆಪಿ ರೋಡ್ ಪೂರ್ತಿ ಸುತ್ತಿದರೂ ಸಿಗುವುದಿಲ್ಲ. ಹೊರಗಿನ ನಲ್ಲಿಯಾದರೆ ಕಿತ್ತು ಹೊಸದು ಹಾಕಬಹುದು. ಗೋಡೆಯೊಳಗಿನ ಡೈವರ್ಟರ್ ಆದರೆ ಟೈಲ್ಸ್ ಒಡೆಯಬೇಕು. ಅದೇ ಟೈಲ್ಸ್ ಮತ್ತೆ ಅಂಗಡಿಯಲ್ಲಿ ಸಿಗುತ್ತದಾ? ಬಾತ್‌ರೂಮ್ ಕೆಲಸ ಮುಗಿದ ಮೇಲೆ ನಾಲ್ಕು ಟೈಲ್ಸ್ ಎತ್ತಿಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಇನ್ನು ಆ 300 ರೂಪಾಯಿ. ಮನೆಗೆ ಬಂದು ನಾವು ನೋಡುವುದು ಮುಖ್ಯವಾಗಿ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಎನ್ನುವುದನ್ನು. ನೀರು 10 ಮೀಟರ್ ಎತ್ತರದಿಂದ ಬಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಪ್ರೆಶರ್. ಮೇಲಿನ ಮಹಡಿಯ ಬಾತ್‌ರೂಮಿನಲ್ಲಿ ಶವರ್‌ಗೂ ಟ್ಯಾಂಕಿಗೂ ಮೂರು ಮೀಟರ್ ಇದ್ದರೆ ಮೂರನೇ ಒಂದು ಭಾಗವೂ ಸಿಗುವುದಿಲ್ಲ. ಅಲ್ಲಿ ದೊಡ್ಡ ಮಳೆ ಶವರ್ ಹಾಕಿದರೆ ನೀರು ನೂಲಿನ ಹಾಗೆ ಬೀಳುತ್ತದೆ. ಪ್ರೆಶರ್ ಪಂಪ್ ಹಾಕಿಸುತ್ತೇವೆ ಅನ್ನುತ್ತೀರಿ, ಸರಿ. ಆದರೆ ಪಂಪ್ ತಣ್ಣೀರಿಗೆ ಮಾತ್ರ ಇದ್ದು, ಸೋಲಾರ್ ಬಿಸಿನೀರು ತಾನಾಗಿ ಇಳಿದು ಬರುತ್ತಿದ್ದರೆ, ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯೊಳಗೆ ತಣ್ಣೀರು ಬಿಸಿನೀರಿನ ಲೈನ್‌ಗೆ ನುಗ್ಗುತ್ತದೆ. ಸೋಲಾರ್ ಕೆಟ್ಟಿದೆ ಅಂತ ಫೋನ್ ಮಾಡಿದ ಎಷ್ಟೋ ಮನೆಗಳಲ್ಲಿ ನಾವು ಕಂಡದ್ದು ಇದನ್ನೇ. ಇಂಥದ್ದೆಲ್ಲ ಪ್ಲಾಸ್ಟರ್ ಆಗುವ ಮೊದಲೇ ಗೊತ್ತಾಗಬೇಕು, ಅಲ್ವಾ? ಒಬ್ಬ ಹುಡುಗನ ಅರ್ಧ ದಿನ ಇದಕ್ಕೆ ಹೋಗುತ್ತದೆ. ಇಷ್ಟು ವರ್ಷ ದುಡ್ಡು ಕೇಳಿರಲಿಲ್ಲ. ಈಗ ಸಂಬಳ ಕೊಡುವಾಗ ಲೆಕ್ಕ ಕೂಡುವುದಿಲ್ಲ.

ನೀರು ಯಾವುದು ಅಂತಲೂ ಕೇಳುತ್ತೇವೆ. ಕಾವೇರಿ ನೀರಾದರೆ ಯೋಚನೆ ಕಡಿಮೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಮನೆಗೆ ಈಗ ಎಲ್ಲರೂ ಕೇಳುವ ಕಪ್ಪು ಬಣ್ಣದ ನಲ್ಲಿ ಬೇಡ ಅನ್ನುತ್ತೇನೆ. ವಾರದಲ್ಲೇ ಬಿಳಿ ಕಲೆ ಕೂರುತ್ತದೆ. ಮಾಮೂಲಿ ಕ್ರೋಮ್ ತೆಗೆದುಕೊಳ್ಳಿ, ಸ್ನಾನ ಆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ನಲ್ಲಿಗೆ ತಾಗಿಸಬೇಡಿ. ಎಂಥ ನಲ್ಲಿಯಾದರೂ ಹೊಳಪು ಹೋಗುತ್ತದೆ.

850 ಈಗ ಕಷ್ಟ ಅನ್ನುವವರು ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಕಿಲ್ಲ. ಮೊದಲು ಆಂಗಲ್ ಕಾಕ್‌ಗಳನ್ನು ಮಾಡಿಸಿ. ಅವುಗಳ ಮೇಲೆ ಹಗಲು ರಾತ್ರಿ ಪ್ರೆಶರ್ ಇರುತ್ತದೆ. ಉಳಿದದ್ದಕ್ಕೆ ಎರಡು ಮೂರು ಕಂತಿನಲ್ಲಿ ಕೊಡಿ, ನಿಮ್ಮ ಹತ್ತಿರ ನಾನು ಬರೆಸಿಕೊಳ್ಳುವುದಿಲ್ಲ.

ಕಳೆದ ಎರಡು ವರ್ಷದಲ್ಲಿ ನಮ್ಮಿಂದ ಹಗುರ ಆಂಗಲ್ ಕಾಕ್ ತೆಗೆದುಕೊಂಡವರು ಅದನ್ನು ಬಿಚ್ಚಿಸಿ ತನ್ನಿ. ಅವತ್ತು ಕೊಟ್ಟ ಹಣ ಪೂರ್ತಿ ಕಳೆದು ಹಿತ್ತಾಳೆಯದು ಕೊಡುತ್ತೇವೆ. ಬಿಲ್ ಇಲ್ಲದಿದ್ದರೂ ಪರವಾಗಿಲ್ಲ, ನಮ್ಮ ಮಾಲು ನಮಗೆ ಗೊತ್ತಾಗುತ್ತದೆ. ವಯಸ್ಸಾದವರು ಅಂಗಡಿಗೆ ಬರುವುದು ಬೇಡ, ಒಂದು ಫೋನ್ ಮಾಡಿ. ಹುಡುಗ ಬಂದು ಬದಲಾಯಿಸಿ ಹೋಗುತ್ತಾನೆ, ಅದಕ್ಕೆ ಕೂಲಿ ಇಲ್ಲ. ಈ ತಿಂಗಳ ಕೊನೆಯವರೆಗೆ ಭಾನುವಾರ ಬೆಳಿಗ್ಗೆಯೂ ಅಂಗಡಿ ತೆಗೆದಿರುತ್ತದೆ. ಕೌಂಟರ್‌ನಲ್ಲಿ ನಾನೇ ಇರುತ್ತೇನೆ.

ಇಂತಿ,
ಗಿರಿನಗರದ ನಿಮ್ಮ ನಲ್ಲಿ ಅಂಗಡಿಯವರು